ಬೆಸುಗೆ ಏಕೆ ಕೂಡುವುದಿಲ್ಲ? ಸರ್ಕ್ಯೂಟ್ ಫಲಕಗಳ ದೋಷಗಳು, ಅವುಗಳ ಕಾರಣಗಳು ಮತ್ತು ದುರಸ್ತಿಯ ಕ್ರಮ

ತಳಿ, ಡೆಂಕಣಿಕೋಟೆ, ಕೆಲಮಂಗಲ, ಬಾಗಲೂರು, ಬೇರಿಕೆ ಭಾಗದ ಊರುಗಳಿಂದ ಮುಂಜಾನೆ ಹೊರಡುವ ಕಂಪನಿ ಬಸ್ಸುಗಳಲ್ಲಿ ನಮ್ಮ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಓದಿದ ಮಕ್ಕಳೂ ಇದ್ದಾರೆ. ಅವರಲ್ಲಿ ಹಲವರು ಹತ್ತನೆಯ ಅಥವಾ ಹನ್ನೆರಡನೆಯ ತರಗತಿ ಮುಗಿಸಿ ನೇರವಾಗಿ ಎಲೆಕ್ಟ್ರಾನಿಕ್ಸ್ ಜೋಡಣೆಯ ಸಾಲಿಗೆ ಸೇರಿದವರು. ಕೆಲವರು ಐಟಿಐ ಅಥವಾ ಡಿಪ್ಲೊಮಾ ಮುಗಿಸಿ ಬಂದವರು. ಮನೆಯಲ್ಲಿ ಕನ್ನಡ, ಕೆಲಸದ ಸಾಲಿನಲ್ಲಿ ತಮಿಳು, ಗೋಡೆಯ ಮೇಲೆ ಅಂಟಿಸಿದ ಸೂಚನಾ ಪತ್ರದಲ್ಲಿ ಇಂಗ್ಲಿಷ್. ಈ ಮೂರರ ನಡುವೆ ಅವರು ಪ್ರತಿದಿನ ಸಾವಿರಾರು ಬೆಸುಗೆಗಳನ್ನು ನೋಡುತ್ತಾರೆ, ಪರೀಕ್ಷಿಸುತ್ತಾರೆ, ತಪ್ಪಿದ್ದರೆ ಸರಿಪಡಿಸುತ್ತಾರೆ.

ನಮಗೆ ಪರಿಚಿತಳಾದ ಯುವತಿಯೊಬ್ಬಳು ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲಿಯೇ ರೀವರ್ಕ್ ಮೇಜಿಗೆ ಹೋಗಬೇಕಾಯಿತು. ಒಂದು ಫಲಕದಲ್ಲಿ ಬೆಸುಗೆ ಕೂಡಲಿಲ್ಲ. ಕಾವು ಸಾಲದೆಂದು ಬಗೆದು ಆಕೆ ಕಬ್ಬಿಣದ ಉಷ್ಣತೆಯನ್ನು ಹೆಚ್ಚಿಸಿದಳು, ಮತ್ತೆ ಕೂಡಲಿಲ್ಲ, ಒತ್ತಿ ಹಿಡಿದಳು. ಮೂರನೆಯ ಬಾರಿಗೆ ಫಲಕದ ತಾಮ್ರದ ಪದರವೇ ಕಿತ್ತು ಬಂದಿತು. ಕಾರಣ ಕಾವಿನ ಕೊರತೆಯಾಗಿರಲಿಲ್ಲ. ತಾಮ್ರದ ಮೇಲಿನ ಕಿಲುಬು. ಅದನ್ನು ಹೇಳಿಕೊಡುವವರಿದ್ದರು, ಆದರೆ ಕೇಳಲು ಬೇಕಾದ ಮಾತು ಆಕೆಯ ಬಳಿ ಇರಲಿಲ್ಲ. "ಗೊತ್ತಿಲ್ಲವೆಂದರೆ ತೆಗೆದುಹಾಕುತ್ತಾರೆಂದು ಹೆದರಿದೆ" ಎಂದು ಆಕೆ ಅನಂತರ ತಾಯಿಯ ಬಳಿ ಹೇಳಿಕೊಂಡಳು.

ಈ ಲೇಖನ ಅಂಥ ಮಕ್ಕಳಿಗಾಗಿ, ಮತ್ತು ಅವರನ್ನು ಆ ಬಸ್ಸಿಗೆ ಹತ್ತಿಸುವ ಮನೆಯವರಿಗಾಗಿ. ಬೆಸುಗೆಯ ವಿಜ್ಞಾನ ಕಠಿಣವಾದುದಲ್ಲ. ಅದರ ಬಹುಪಾಲು ನಮ್ಮ ಶಾಲೆಯ ವಿಜ್ಞಾನ ಪಾಠಗಳಲ್ಲಿಯೇ ಇದೆ.

ನಮ್ಮ ಜಿಲ್ಲೆಗೂ ಈ ಕೆಲಸಕ್ಕೂ ಇರುವ ನಂಟು

1971ರಲ್ಲಿ ಸ್ಥಾಪನೆಯಾದ ಸಿಪ್ಕಾಟ್ ಸಂಸ್ಥೆಯು ಆ ದಶಕದಲ್ಲಿ ಹೊಸೂರಿನಲ್ಲಿ ಕೈಗಾರಿಕಾ ಪ್ರದೇಶವನ್ನು ಆರಂಭಿಸಿದ ಬಳಿಕ ಈ ಊರಿನ ಸ್ವರೂಪವೇ ಬದಲಾಯಿತು. ಟಾಟಾ ಸಮೂಹವೂ ತಮಿಳುನಾಡು ಕೈಗಾರಿಕಾ ಅಭಿವೃದ್ಧಿ ನಿಗಮವೂ ಕೂಡಿ 1984ರಲ್ಲಿ ಕಟ್ಟಿದ ಟೈಟಾನ್ ಸಂಸ್ಥೆಯು ಹೊಸೂರಿನಲ್ಲಿ ಕ್ವಾರ್ಟ್ಸ್ ಗಡಿಯಾರಗಳನ್ನು ತಯಾರಿಸತೊಡಗಿತು. ಕ್ವಾರ್ಟ್ಸ್ ಗಡಿಯಾರವೆಂದರೆ ಸೆಕೆಂಡಿಗೆ 32,768 ಬಾರಿ ಕಂಪಿಸುವ ಒಂದು ಸ್ಫಟಿಕ ಮತ್ತು ಆ ಕಂಪನಗಳನ್ನು ಎಣಿಸುವ ಒಂದು ಪುಟ್ಟ ವಿದ್ಯುನ್ಮಂಡಲ. ಇತ್ತ ಹೊಸೂರು ರಸ್ತೆಯ ಇನ್ನೊಂದು ತುದಿಯಲ್ಲಿ, ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿ 1970ರ ದಶಕದ ಕೊನೆಯಲ್ಲಿ ರೂಪುಗೊಂಡಿತು. ಇಂದು ಹೊಸೂರಿನಲ್ಲಿ ಟಿವಿಎಸ್ ಮತ್ತು ಏಥರ್, ಪೋಚಂಪಳ್ಳಿಯ ಕಡೆ ಓಲಾ ವಿದ್ಯುತ್ ಸ್ಕೂಟರುಗಳನ್ನು ತಯಾರಿಸುತ್ತಿವೆ; ಕೃಷ್ಣಗಿರಿಯಲ್ಲಿ ಡೆಲ್ಟಾ ಸಂಸ್ಥೆಯ ವಿದ್ಯುತ್ ಉಪಕರಣಗಳ ಕಾರ್ಖಾನೆಯಿದೆ. ಯಾವ ವಿದ್ಯುತ್ ಸ್ಕೂಟರೇ ಆಗಲಿ, ಅದರ ಬ್ಯಾಟರಿಯನ್ನು ಕಾಯುವುದೂ ಮೋಟಾರನ್ನು ನಡೆಸುವುದೂ ಸರ್ಕ್ಯೂಟ್ ಫಲಕಗಳೇ. ಅಂಥ ಫಲಕದ ಒಂದು ಬೆಸುಗೆ ಬಿಟ್ಟರೂ ವಾಹನ ನಡುರಸ್ತೆಯಲ್ಲಿ ನಿಲ್ಲಬಹುದು.

ಕಲಾಯಿಯವನು ಬಲ್ಲ ವಿಜ್ಞಾನ

ನಮ್ಮ ಹಿರಿಯರು ಹಿತ್ತಾಳೆ, ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕಿಸುತ್ತಿದ್ದುದನ್ನು ನೆನೆಯಿರಿ. ಕಲಾಯಿಯವನು ಮೊದಲು ಪಾತ್ರೆಯನ್ನು ಉಜ್ಜಿ ಶುಚಿಗೊಳಿಸುತ್ತಿದ್ದನು. ತಿದಿಯೂದಿ ಪಾತ್ರೆಯನ್ನೇ ಕಾಯಿಸುತ್ತಿದ್ದನು. ನವಸಾಗರದ ಪುಡಿ ಎರಚಿದೊಡನೆ ಬಿಳಿಯ ಹೊಗೆ ಏಳುತ್ತಿತ್ತು. ಆಮೇಲೆ ತವರದ ತುಂಡನ್ನು ಮುಟ್ಟಿಸಿ ಬಟ್ಟೆಯಿಂದ ಒರೆಸಿದರೆ ಬೆಳ್ಳಿಯಂಥ ಪದರ ಹರಡಿಕೊಳ್ಳುತ್ತಿತ್ತು. ಸರ್ಕ್ಯೂಟ್ ಫಲಕದ ಬೆಸುಗೆಯ ಎಲ್ಲ ನಿಯಮಗಳೂ ಈ ನಾಲ್ಕು ಕ್ರಿಯೆಗಳಲ್ಲಿ ಅಡಗಿವೆ.

ಗಾಳಿಗೆ ತೆರೆದ ತಾಮ್ರದ ಮೇಲೆ ಆಕ್ಸೈಡಿನ ತೆಳುಪದರ ಕಟ್ಟಿಕೊಳ್ಳುತ್ತದೆ. ಕರಗಿದ ತವರ ಶುದ್ಧ ಲೋಹಕ್ಕೆ ಅಂಟುತ್ತದೆಯೇ ಹೊರತು ಆಕ್ಸೈಡಿಗೆ ಅಂಟುವುದಿಲ್ಲ. ಆ ಪದರವನ್ನು ತೆಗೆಯುವ ರಾಸಾಯನಿಕವೇ ಫ್ಲಕ್ಸ್. ಕಲಾಯಿಯವನಿಗೆ ನವಸಾಗರ, ಅಕ್ಕಸಾಲಿಗೆ ಬಿಳಿಗಾರ, ಎಲೆಕ್ಟ್ರಾನಿಕ್ಸ್ ಕೆಲಸದವರಿಗೆ ರಾಳದಿಂದ ಮಾಡಿದ ಅಥವಾ ಅದಕ್ಕೆ ಸಮನಾದ ಫ್ಲಕ್ಸ್: ಮೂರರ ಕೆಲಸವೂ ಒಂದೇ. ಆದರೆ ನವಸಾಗರದಂಥ ತೀಕ್ಷ್ಣ ಲವಣವನ್ನಾಗಲಿ, ಕೊಳಾಯಿ ಕೆಲಸದ ಆಮ್ಲದ ಫ್ಲಕ್ಸನ್ನಾಗಲಿ ಫಲಕಕ್ಕೆ ಬಳಸಲೇಬಾರದು. ಅದು ಕಾಲಕ್ರಮೇಣ ತಾಮ್ರವನ್ನು ತಿಂದುಹಾಕುತ್ತದೆ.

ಇನ್ನು ಕಾವು. ಕಲಾಯಿಯವನು ತವರವನ್ನಲ್ಲ, ಪಾತ್ರೆಯನ್ನು ಕಾಯಿಸುತ್ತಿದ್ದನು ಎಂಬುದನ್ನು ಗಮನಿಸಬೇಕು. ಬಿಸಿಯಾದ ಲೋಹವನ್ನು ಮುಟ್ಟಿದಾಗ ಬೆಸುಗೆ ತಾನಾಗಿ ಕರಗಿ ಹರಿಯಬೇಕು. ಕೆಸುವಿನ ಎಲೆಯ ಮೇಲೆ ನೀರು ಗುಂಡಗೆ ನಿಲ್ಲುತ್ತದೆ, ನೆಲದ ಮೇಲೆ ಹರಡುತ್ತದೆ. ಬೆಸುಗೆಯೂ ಹಾಗೆಯೇ: ಅಂಚುಗಳಲ್ಲಿ ತೆಳುವಾಗಿ ಹರಡಿ ಇಳಿಜಾರಾಗಿ ನಿಂತಿದ್ದರೆ ಅದು ಲೋಹವನ್ನು ತೋಯಿಸಿದೆ ಎಂದರ್ಥ, ಮಣಿಯಂತೆ ಗುಂಡಗೆ ಕುಳಿತಿದ್ದರೆ ತೋಯಿಸಿಲ್ಲ. ಬೆಸುಗೆಯ ಗುಣವನ್ನು ಅಳೆಯುವ ಮೊದಲ ಪರೀಕ್ಷೆ ಇದು.

ಬೆಸುಗೆ ಅಂಟಿದಂತೆ ಕುಳಿತುಕೊಳ್ಳುವುದಿಲ್ಲ. ತವರ ಮತ್ತು ತಾಮ್ರ ಸೇರಿ ನಡುವೆ ಒಂದು ಹೊಸ ಸಂಯುಕ್ತದ ಅತಿ ತೆಳುವಾದ ಪದರ ಬೆಳೆಯುತ್ತದೆ. ಈ ಪದರವೇ ಬೆಸುಗೆಯ ಬಲ. ಆದರೆ ಕಾವು ಹೆಚ್ಚಿದಷ್ಟೂ, ಸಮಯ ಹೆಚ್ಚಿದಷ್ಟೂ ಅದು ದಪ್ಪವಾಗುತ್ತದೆ, ದಪ್ಪವಾದಷ್ಟೂ ಪೆಡಸಾಗುತ್ತದೆ. ಆದ್ದರಿಂದ "ಇನ್ನಷ್ಟು ಕಾಯಿಸಿದರೆ ಇನ್ನಷ್ಟು ಗಟ್ಟಿ" ಎಂಬುದು ತಪ್ಪು ತಿಳಿವಳಿಕೆ.

ಸೀಸವಿರುವ ಬೆಸುಗೆ, ಸೀಸವಿಲ್ಲದ ಬೆಸುಗೆ

ಹಿಂದೆ ಎಲ್ಲೆಡೆ ಬಳಕೆಯಲ್ಲಿದ್ದುದು ಶೇಕಡಾ 63 ತವರ ಮತ್ತು 37 ಸೀಸದ ಮಿಶ್ರಲೋಹ. ಅದು 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಮ್ಮೆಗೇ ಕರಗುತ್ತದೆ. ಸೀಸ ವಿಷವಾದ ಕಾರಣ ಯುರೋಪಿನ ಒಕ್ಕೂಟವು 2006ರ ಜುಲೈ 1ರಿಂದ ಹೆಚ್ಚಿನ ಎಲೆಕ್ಟ್ರಾನಿಕ್ ವಸ್ತುಗಳಲ್ಲಿ ಅದರ ಬಳಕೆಯನ್ನು ನಿರ್ಬಂಧಿಸಿತು. ಭಾರತದಲ್ಲಿಯೂ ಇ-ತ್ಯಾಜ್ಯ ನಿಯಮಗಳು ಇಂಥ ಮಿತಿಗಳನ್ನು ತಂದವು. ಈಗ ಕಾರ್ಖಾನೆಗಳಲ್ಲಿ ಹೆಚ್ಚಾಗಿ ಕಾಣುವುದು ಶೇಕಡಾ 96.5 ತವರ, 3 ಬೆಳ್ಳಿ ಮತ್ತು 0.5 ತಾಮ್ರದ ಮಿಶ್ರಣ. ಅದು ಕರಗುವುದು ಸುಮಾರು 217ರಿಂದ 220 ಡಿಗ್ರಿಯಲ್ಲಿ.

ಈ ವ್ಯತ್ಯಾಸದಿಂದ ಎರಡು ಮಾತುಗಳು ಹೊರಡುತ್ತವೆ. ಒಂದು, ಸೀಸವಿಲ್ಲದ ಬೆಸುಗೆ ಸ್ವಭಾವತಃ ಮಂಕಾಗಿ, ಸ್ವಲ್ಪ ತರಿತರಿಯಾಗಿ ಕಾಣುತ್ತದೆ. ಹಳೆಯ ರೇಡಿಯೋ ರಿಪೇರಿಯವರಂತೆ ಹೊಳಪನ್ನೇ ಗುಣವೆಂದು ಎಣಿಸಿದರೆ ಸರಿಯಾದ ಬೆಸುಗೆಯನ್ನೂ ತಪ್ಪೆಂದು ಕೆದಕಿ ಕೆಡಿಸುತ್ತೇವೆ. ಎರಡು, ಒಂದು ಮಿಶ್ರಲೋಹದ ಫಲಕಕ್ಕೆ ಇನ್ನೊಂದು ಮಿಶ್ರಲೋಹದ ತಂತಿಯನ್ನು ಸೇರಿಸಬಾರದು. ಎರಡೂ ಬಗೆಯ ಕೆಲಸ ನಡೆಯುವ ಕಡೆ ಕಬ್ಬಿಣದ ತುದಿಗಳನ್ನೂ ತಂತಿಗಳನ್ನೂ ಬೇರೆಬೇರೆಯಾಗಿ ಇಡುವುದು ಇದಕ್ಕಾಗಿಯೇ.

ಫಲಕ ಜೋಡಣೆಯಾಗುವ ಬಗೆ

ದೋಷ ಎಲ್ಲಿ ಹುಟ್ಟಿತೆಂದು ತಿಳಿಯಬೇಕಾದರೆ ಫಲಕ ನಡೆದು ಬಂದ ದಾರಿಯನ್ನು ತಿಳಿಯಬೇಕು. ಮೊದಲು ಸ್ಟೆನ್ಸಿಲ್ ಎಂಬ, ಸಾಮಾನ್ಯವಾಗಿ 0.1ರಿಂದ 0.15 ಮಿಲಿಮೀಟರ್ ದಪ್ಪದ ಉಕ್ಕಿನ ಹಾಳೆಯ ರಂಧ್ರಗಳ ಮೂಲಕ ಫಲಕದ ಮೇಲೆ ಬೆಸುಗೆಯ ಪೇಸ್ಟನ್ನು ಒರೆಯುತ್ತಾರೆ. ಪೇಸ್ಟೆಂದರೆ ಅತಿ ಸೂಕ್ಷ್ಮವಾದ ಬೆಸುಗೆಯ ಗುಂಡುಗಳೂ ಫ್ಲಕ್ಸೂ ಕೂಡಿದ ಲೇಪ. ಮಂಗಳವಾರ ಶುಕ್ರವಾರಗಳಂದು ಬಾಗಿಲಲ್ಲಿ ಅಚ್ಚಿನ ಕೊಳವೆಯಿಂದ ರಂಗೋಲಿ ಎಳೆಯುವವರಿಗೆ ಇದು ಬೇಗ ಅರ್ಥವಾಗುತ್ತದೆ: ರಂಧ್ರ ಕಟ್ಟಿದರೆ ಗೆರೆ ತುಂಡಾಗುತ್ತದೆ, ಪುಡಿ ತೇವವಾದರೆ ಗೆರೆ ಕದಡುತ್ತದೆ.

ಬಳಿಕ ಯಂತ್ರವು ರೋಧಕ, ಧಾರಕ, ಚಿಪ್ಪುಗಳನ್ನು ಪೇಸ್ಟಿನ ಮೇಲೆ ಇಡುತ್ತದೆ. ಅನಂತರ ಫಲಕ ರಿಫ್ಲೋ ಒಲೆಯೊಳಗೆ ಸಾಗುತ್ತದೆ. ಸೀಸವಿಲ್ಲದ ಪೇಸ್ಟಿಗೆ ಕಾವಿನ ಏರಿಕೆ ಸೆಕೆಂಡಿಗೆ ಸುಮಾರು 3 ಡಿಗ್ರಿ ಮೀರದಂತೆ, 150ರಿಂದ 200 ಡಿಗ್ರಿಯ ನಡುವೆ ಒಂದೆರಡು ನಿಮಿಷ ಹದವಾಗುವಂತೆ, 217 ಡಿಗ್ರಿಗಿಂತ ಮೇಲೆ ಸುಮಾರು 60ರಿಂದ 90 ಸೆಕೆಂಡು ಇರುವಂತೆ, ಗರಿಷ್ಠ 235ರಿಂದ 250 ಡಿಗ್ರಿ ಮುಟ್ಟುವಂತೆ ಒಲೆಯನ್ನು ಹೊಂದಿಸುವುದು ವಾಡಿಕೆ. ಆಯಾ ಪೇಸ್ಟಿನ ತಯಾರಕರು ಕೊಟ್ಟ ಪತ್ರವೇ ಕೊನೆಯ ಪ್ರಮಾಣ. ಕಾಲುಗಳು ರಂಧ್ರದೊಳಗೆ ಇಳಿಯುವ ದೊಡ್ಡ ಭಾಗಗಳನ್ನು ಕರಗಿದ ಬೆಸುಗೆಯ ಅಲೆಯ ಮೇಲೆ ಸಾಗಿಸುತ್ತಾರೆ, ಇಲ್ಲವೇ ಕೈಯಿಂದ ಬೆಸೆಯುತ್ತಾರೆ.

ಸಾಮಾನ್ಯ ದೋಷಗಳು

*ಡ್ರೈ ಸೋಲ್ಡರ್, ಅಂದರೆ ಕೂಡದ ಬೆಸುಗೆ.* ನೋಡಲು ಕೂಡಿದಂತಿದ್ದರೂ ಒಳಗೆ ಬಿಟ್ಟಿರುತ್ತದೆ. ಉಪಕರಣ ಒಮ್ಮೆ ನಡೆದು ಒಮ್ಮೆ ನಿಲ್ಲುತ್ತದೆ. ತಟ್ಟಿದರೆ ಮತ್ತೆ ನಡೆಯುತ್ತದೆ. ಕಾರಣಗಳು ಮೂರು: ಲೋಹದ ಮೇಲಿನ ಆಕ್ಸೈಡ್, ಸಾಲದ ಕಾವು, ಬೆಸುಗೆ ಗಟ್ಟಿಯಾಗುವ ಗಳಿಗೆಯಲ್ಲಿ ಭಾಗ ಅಲುಗಾಡಿದುದು. ಪರಿಹಾರ: ಫ್ಲಕ್ಸ್ ಹಚ್ಚಿ, ಕಾಲು ಮತ್ತು ಫಲಕದ ತಾಮ್ರ ಎರಡನ್ನೂ ಒಟ್ಟಿಗೆ ಕಾಯಿಸಿ, ಸ್ವಲ್ಪ ಹೊಸ ಬೆಸುಗೆ ಕೊಟ್ಟು, ಅಲುಗಿಸದೆ ಆರಲು ಬಿಡುವುದು. ಫಲಕದ ದಪ್ಪ ತಾಮ್ರದ ಪದರಕ್ಕೆ ಸೇರಿದ ಕಾಲಾಗಿದ್ದರೆ ಆ ಪದರವೇ ಕಾವನ್ನು ಎಳೆದುಕೊಳ್ಳುತ್ತದೆ. ಆಗ ಕಬ್ಬಿಣದ ಉಷ್ಣತೆ ಹೆಚ್ಚಿಸುವ ಬದಲು ದಪ್ಪ ತುದಿಯನ್ನು ಬಳಸಬೇಕು ಇಲ್ಲವೇ ಫಲಕವನ್ನು ಕೆಳಗಿನಿಂದ ಮೊದಲೇ ಬೆಚ್ಚಗಾಗಿಸಬೇಕು.

*ಸೇತುವೆ.* ಪಕ್ಕಪಕ್ಕದ ಎರಡು ಕಾಲುಗಳ ನಡುವೆ ಬೆಸುಗೆ ಹರಡಿ ಶಾರ್ಟ್ ಆಗುವುದು. ಪೇಸ್ಟ್ ಹೆಚ್ಚಾಗಿರಬಹುದು, ಸ್ಟೆನ್ಸಿಲ್ ಸರಿದಿರಬಹುದು, ಅದರ ತಳ ಒರೆಸದೆ ಕೊಳೆಯಾಗಿರಬಹುದು. ಸರಿಪಡಿಸಲು ಫ್ಲಕ್ಸ್ ಹಚ್ಚಿ ಶುಚಿಯಾದ ತುದಿಯನ್ನು ಕಾಲುಗಳ ಉದ್ದಕ್ಕೆ ಎಳೆದರೆ ಹೆಚ್ಚಿನ ಬೆಸುಗೆ ತುದಿಗೆ ಅಂಟಿ ಬರುತ್ತದೆ. ಇಲ್ಲಿ ಮೇಲ್ಮೈ ಎಳೆತವೇ ನಮ್ಮ ಸಹಾಯಕ. ಫ್ಲಕ್ಸ್ ಇಲ್ಲದೆ ಅದು ಕೆಲಸ ಮಾಡದು.

*ನಿಂತ ಕಲ್ಲು.* ಪುಟ್ಟ ಧಾರಕ ಅಥವಾ ರೋಧಕ ಒಂದು ತುದಿಯ ಮೇಲೆ ವೀರಗಲ್ಲಿನಂತೆ ಎದ್ದು ನಿಲ್ಲುತ್ತದೆ. ಕಾರ್ಖಾನೆಯಲ್ಲಿ ಇದನ್ನು ಟೂಂಬ್‌ಸ್ಟೋನ್ ಎನ್ನುತ್ತಾರೆ. ಒಂದು ತುದಿಯ ಪೇಸ್ಟ್ ಮೊದಲು ಕರಗಿದರೆ ಅದರ ಮೇಲ್ಮೈ ಎಳೆತ ಹಗುರವಾದ ಭಾಗವನ್ನು ತನ್ನೆಡೆಗೆ ಎಳೆದು ಎತ್ತಿಬಿಡುತ್ತದೆ. ಎರಡು ತುದಿಗಳ ಪೇಸ್ಟಿನ ಪ್ರಮಾಣ ಬೇರೆಯಾಗಿರುವುದು, ಒಂದು ತುದಿ ದೊಡ್ಡ ತಾಮ್ರದ ಪದರಕ್ಕೆ ಸೇರಿರುವುದು, ಭಾಗ ಓರೆಯಾಗಿ ಕುಳಿತಿರುವುದು, ಒಲೆಯ ಕಾವು ತೀರ ಬೇಗ ಏರುವುದು ಇದರ ಕಾರಣಗಳು. ಎದ್ದ ಭಾಗವನ್ನು ಕಬ್ಬಿಣದಿಂದ ಒತ್ತಿ ಮಲಗಿಸಬಾರದು. ತೆಗೆದು, ಎರಡೂ ತಾಣಗಳನ್ನು ಶುಚಿಗೊಳಿಸಿ, ಹೊಸ ಭಾಗವನ್ನು ಇಡಬೇಕು. ಪಿಂಗಾಣಿ ಧಾರಕಗಳಿಗೆ ಬಿಸಿ ತುದಿ ನೇರವಾಗಿ ತಾಗಿದರೆ ಕಣ್ಣಿಗೆ ಕಾಣದ ಬಿರುಕು ಬೀಳಬಹುದು; ಪರೀಕ್ಷೆಯಲ್ಲಿ ತೇರ್ಗಡೆಯಾಗಿ ತಿಂಗಳುಗಳ ಬಳಿಕ ಕೆಡುವ ಬಿರುಕು ಅದು.

*ಬೆಸುಗೆಯ ಹರಳುಗಳು.* ಭಾಗಗಳ ಸುತ್ತ ಸಾಸಿವೆಗಿಂತ ಸಣ್ಣ ಗುಂಡುಗಳು ಚೆಲ್ಲಿರುತ್ತವೆ. ಪೇಸ್ಟಿನಲ್ಲಿ ತೇವ ಸೇರಿದಾಗ ಅಥವಾ ಕಾವು ಹಠಾತ್ತನೆ ಏರಿದಾಗ ಹೀಗಾಗುತ್ತದೆ; ಕಾದ ಎಣ್ಣೆಗೆ ಒದ್ದೆ ಸಾಸಿವೆ ಬಿದ್ದಂತೆ. ಪೇಸ್ಟನ್ನು ಸಾಮಾನ್ಯವಾಗಿ 0ರಿಂದ 10 ಡಿಗ್ರಿಯ ತಂಪಿನಲ್ಲಿ ಇಡುತ್ತಾರೆ. ಹೊರತೆಗೆದೊಡನೆ ಮುಚ್ಚಳ ತೆರೆದರೆ ಗಾಳಿಯ ತೇವ ಅದರ ಮೇಲೆ ಹನಿಗಟ್ಟುತ್ತದೆ. ಆದ್ದರಿಂದ ಮುಚ್ಚಿದ ಡಬ್ಬಿ ಕೋಣೆಯ ಉಷ್ಣತೆಗೆ ಬರಲು ಕೆಲವು ಗಂಟೆಗಳ ಕಾಲ ಬಿಡುವುದು ಕಡ್ಡಾಯ.

*ಪಾಪ್‌ಕಾರ್ನ್ ದೋಷ.* ಪ್ಲಾಸ್ಟಿಕ್ ಹೊದಿಕೆಯ ಚಿಪ್ಪುಗಳು ಗಾಳಿಯಿಂದ ತೇವವನ್ನು ಹೀರುತ್ತವೆ. ಒಲೆಯಲ್ಲಿ ಆ ತೇವ ಆವಿಯಾಗಿ ಉಬ್ಬಿ, ಜೋಳದ ಅರಳಿನಂತೆ ಒಳಗಿನಿಂದ ಸೀಳುತ್ತದೆ. ಇದಕ್ಕಾಗಿಯೇ ಚಿಪ್ಪುಗಳ ಪೊಟ್ಟಣದ ಮೇಲೆ ತೇವ ಸಂವೇದನೆಯ ಮಟ್ಟವನ್ನು ಅಚ್ಚುಹಾಕಿರುತ್ತಾರೆ. ಮೂರನೆಯ ಮಟ್ಟದ ಭಾಗವನ್ನು ಪೊಟ್ಟಣ ಒಡೆದ ಬಳಿಕ, 30 ಡಿಗ್ರಿ ಮತ್ತು ಶೇಕಡಾ 60 ಆರ್ದ್ರತೆ ಮೀರದ ಕೋಣೆಯಲ್ಲಿ, 168 ಗಂಟೆಗಳೊಳಗೆ ಬಳಸಬೇಕು. ಅವಧಿ ಮೀರಿದರೆ ನಿಗದಿತ ಕ್ರಮದಂತೆ ಒಣಗಿಸಬೇಕು. ಐಪ್ಪಸಿ, ಕಾರ್ತೀಕದ ಮಳೆಗಾಲದಲ್ಲಿ ಹೊಸೂರಿನ ಗಾಳಿ ಎಷ್ಟು ತೇವವಾಗಿರುತ್ತದೆಂದು ನಮಗೆ ಗೊತ್ತಿದೆ; ಆ ದಿನಗಳಲ್ಲಿ ತೆರೆದ ಪೊಟ್ಟಣವನ್ನು ಮೇಜಿನ ಮೇಲೆ ಬಿಟ್ಟುಹೋಗುವುದು ಸಣ್ಣ ತಪ್ಪಲ್ಲ.

*ಕಣ್ಣಿಗೆ ಕಾಣದ ದೋಷಗಳು.* ಕೆಲವು ಚಿಪ್ಪುಗಳಿಗೆ ಕಾಲುಗಳೇ ಇರುವುದಿಲ್ಲ. ಹೊಟ್ಟೆಯ ಕೆಳಗೆ ಬೆಸುಗೆಯ ಗುಂಡುಗಳ ಸಾಲಿರುತ್ತದೆ. ಚಿಪ್ಪು ಕಾವಿಗೆ ಬಾಗಿದರೆ ಮೇಲಿನ ಗುಂಡೂ ಕೆಳಗಿನ ಪೇಸ್ಟೂ ಒಂದಾಗದೆ, ದಿಂಬಿನ ಮೇಲೆ ತಲೆಯಿಟ್ಟಂತೆ ಸುಮ್ಮನೆ ತಾಗಿ ನಿಲ್ಲುತ್ತವೆ. ಬೆಸುಗೆಯೊಳಗೆ ಗಾಳಿಯ ಗುಳ್ಳೆಗಳೂ ಉಳಿಯಬಹುದು. ಇವನ್ನು ಕಾಣಲು ಎಕ್ಸ್-ರೇ ಬೇಕು. ಹಾಗಿದ್ದೂ ತಲೆ-ದಿಂಬಿನ ದೋಷ ಎಲ್ಲ ಬಾರಿಯೂ ಸುಲಭವಾಗಿ ಕಾಣಸಿಗದು. ಆದ್ದರಿಂದ ಇಲ್ಲಿ ಪರಿಶೀಲನೆಗಿಂತ ಮುನ್ನೆಚ್ಚರಿಕೆಗೇ ಹೆಚ್ಚಿನ ಬೆಲೆ.

ಕಬ್ಬಿಣ ಹಿಡಿಯುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ಜ್ವರ ಬಂದವನಿಗೆ ವೈದ್ಯರು ಮೊದಲು ಮಾತ್ರೆ ಕೊಡುವುದಿಲ್ಲ. ಎಂದಿನಿಂದ, ಮನೆಯಲ್ಲಿ ಇನ್ನಾರಿಗಿದೆ ಎಂದು ಕೇಳುತ್ತಾರೆ. ದೋಷವುಳ್ಳ ಫಲಕದ ಮುಂದೆಯೂ ಇದೇ ಕ್ರಮ.

ಒಂದೇ ಫಲಕದಲ್ಲಿ ಇದೆಯೇ, ಎಲ್ಲದರಲ್ಲಿಯೂ ಇದೆಯೇ? ಎಲ್ಲ ಫಲಕಗಳ ಅದೇ ಜಾಗದಲ್ಲಿ ಇದ್ದರೆ ಸ್ಟೆನ್ಸಿಲ್‌ನ ಆ ರಂಧ್ರ ಕಟ್ಟಿರಬಹುದು, ಭಾಗ ಇಡುವ ಯಂತ್ರದ ಹೊಂದಾಣಿಕೆ ತಪ್ಪಿರಬಹುದು, ಇಲ್ಲವೇ ಫಲಕದ ವಿನ್ಯಾಸದಲ್ಲಿಯೇ ಲೋಪವಿರಬಹುದು. ಜಾಗ ಬದಲಾಗುತ್ತಿದ್ದರೆ ಪೇಸ್ಟಿನ ಸ್ಥಿತಿ, ತೇವ, ಒಲೆಯ ಕಾವನ್ನು ಸಂದೇಹಿಸಬೇಕು. ಒಂದೇ ಬಗೆಯ ಭಾಗದಲ್ಲಿ ಮಾತ್ರ ಇದ್ದರೆ ಆ ಸುರುಳಿಯ ಭಾಗಗಳ ಕಾಲುಗಳು ಹಳತಾಗಿ ಆಕ್ಸೈಡ್ ಕಟ್ಟಿರಬಹುದು. ಒಂದೇ ಪಾಳಿಯಲ್ಲಿ ಆರಂಭವಾಗಿದ್ದರೆ ಆ ಹೊತ್ತಿನಲ್ಲಿ ಬದಲಾದುದೇನು: ಹೊಸ ಪೇಸ್ಟಿನ ಡಬ್ಬಿಯೇ, ಹೊಸ ಫಲಕಗಳ ಕಟ್ಟೇ? ಕೈಬೆಸುಗೆಯ ಒಂದೇ ಮೇಜಿನಿಂದ ಬರುತ್ತಿದ್ದರೆ ಆ ಮೇಜಿನ ಕಬ್ಬಿಣದ ತುದಿಯನ್ನು ನೋಡಬೇಕು. ಕಪ್ಪಾದ ತುದಿ ತೋರಿಕೆಗೆ ಬಿಸಿಯಾಗಿದ್ದರೂ ಕಾವನ್ನು ದಾಟಿಸುವುದಿಲ್ಲ.

ಈ ಪ್ರಶ್ನೆಗಳನ್ನು ಕೇಳಲು ಪದವಿ ಬೇಕಿಲ್ಲ, ಗಮನ ಬೇಕು. ಹತ್ತು ಫಲಕಗಳನ್ನು ಸರಿಪಡಿಸಿದವರಿಗಿಂತ, "ಈ ಹತ್ತರಲ್ಲಿಯೂ ಅದೇ ಜಾಗದಲ್ಲಿ ಪೇಸ್ಟ್ ಕಡಿಮೆ ಇದೆ" ಎಂದು ಮೇಲ್ವಿಚಾರಕರಿಗೆ ಹೇಳಿದವರು ಹೆಚ್ಚಿನ ಉಪಕಾರ ಮಾಡುತ್ತಾರೆ. ಮುಂದಿನ ಸಾವಿರ ಫಲಕಗಳು ಅದರಿಂದ ಉಳಿಯುತ್ತವೆ.

ರೀವರ್ಕ್‌ನ ಶಿಸ್ತು

ಮೊದಲ ನಿಯಮ: ಸರಿಯಿರುವುದನ್ನು ಮುಟ್ಟಬಾರದು. ಬೆಸುಗೆ ಒಪ್ಪತಕ್ಕದ್ದೋ ಅಲ್ಲವೋ ಎಂಬುದನ್ನು ನಿರ್ಧರಿಸಲು ಐಪಿಸಿ-ಎ-610 ಎಂಬ ಮಾನದಂಡ ಬಳಕೆಯಲ್ಲಿದೆ. ಅದು ವಸ್ತುಗಳನ್ನು ಮೂರು ದರ್ಜೆಗಳಾಗಿ ವಿಂಗಡಿಸುತ್ತದೆ: ಸಾಮಾನ್ಯ ಬಳಕೆಯವು, ದೀರ್ಘಕಾಲ ನಂಬಿಕೆಯಿಂದ ದುಡಿಯಬೇಕಾದವು, ಜೀವರಕ್ಷಕ ಸಾಧನಗಳಂತೆ ಕೈಕೊಡಲೇಬಾರದವು. ಆಟಿಕೆಗೆ ಸಾಕಾದ ಬೆಸುಗೆ ಆಸ್ಪತ್ರೆಯ ಉಪಕರಣಕ್ಕೆ ಸಾಲದು. ದುರಸ್ತಿಯ ಕ್ರಮಗಳಿಗೆ ಐಪಿಸಿ-7711/7721 ಎಂಬ ಬೇರೊಂದು ಕೈಪಿಡಿ ಇದೆ.

ಎರಡನೆಯ ನಿಯಮ: ಕಡಿಮೆ ಕಾವು, ಕಡಿಮೆ ಸಮಯ. ಸೀಸವಿಲ್ಲದ ಕೆಲಸಕ್ಕೆ ತುದಿಯ ಉಷ್ಣತೆ ಸಾಮಾನ್ಯವಾಗಿ 350 ಡಿಗ್ರಿಯ ಆಸುಪಾಸು. ಒಂದು ಬೆಸುಗೆಗೆ ಎರಡರಿಂದ ನಾಲ್ಕು ಸೆಕೆಂಡು ಸಾಕಾಗಬೇಕು. ಸಾಲದಿದ್ದರೆ ತುದಿ, ಫ್ಲಕ್ಸ್, ಶುಚಿತ್ವಗಳಲ್ಲಿ ತೊಡಕಿದೆ ಎಂದು ತಿಳಿದು ನಿಲ್ಲಿಸಬೇಕು. ತಾಮ್ರದ ತಾಣವು ಗಾಜಿನ ನಾರು ಮತ್ತು ಎಪಾಕ್ಸಿಯ ಫಲಕಕ್ಕೆ ಅಂಟಿಕೊಂಡಿರುವ ಹಿಡಿತ ಕಾವಿಗೆ ಸಡಿಲವಾಗುತ್ತದೆ. ಆಗ ಒತ್ತಿದರೆ ಅದು ಕಿತ್ತುಬರುತ್ತದೆ. ಆ ಯುವತಿಯ ಫಲಕಕ್ಕೆ ಆದುದು ಇದೇ.

ಮೂರನೆಯ ನಿಯಮ: ಬೆಸುಗೆ ಹೀರುವ ತಾಮ್ರದ ಹೆಣಿಗೆಯನ್ನು ಬಳಸುವಾಗ ಅದಕ್ಕೆ ಫ್ಲಕ್ಸ್ ಹಚ್ಚಿ, ಬೆಸುಗೆಯ ಮೇಲಿಟ್ಟು, ಅದರ ಮೇಲೆ ಕಬ್ಬಿಣವನ್ನಿಡಬೇಕು. ತೆಗೆಯುವಾಗ ಹೆಣಿಗೆ ಮತ್ತು ಕಬ್ಬಿಣ ಎರಡನ್ನೂ ಒಟ್ಟಿಗೆ ಎತ್ತಬೇಕು. ಕಬ್ಬಿಣವನ್ನು ಮೊದಲು ತೆಗೆದರೆ ಹೆಣಿಗೆ ಫಲಕಕ್ಕೆ ಅಂಟಿ, ಎಳೆದಾಗ ತಾಮ್ರವನ್ನೂ ಕಿತ್ತುಕೊಂಡು ಬರುತ್ತದೆ.

ನಾಲ್ಕನೆಯ ನಿಯಮ: ಫ್ಲಕ್ಸ್ ಬೇಕಾದಷ್ಟೇ ಇರಲಿ. "ತೊಳೆಯಬೇಕಿಲ್ಲ" ಎಂಬ ಬಗೆಯ ಫ್ಲಕ್ಸ್ ಪೂರ್ತಿಯಾಗಿ ಕಾದ ಮೇಲೆ ಮಾತ್ರ ನಿರಪಾಯಕಾರಿ. ಕಾವು ತಾಗದ ಕಡೆಗೆ ಹರಿದು ನಿಂತ ದ್ರವ ಫ್ಲಕ್ಸ್ ತೇವದ ದಿನಗಳಲ್ಲಿ ವಿದ್ಯುತ್ತನ್ನು ಸೋರಗೊಡುತ್ತದೆ, ಲೋಹವನ್ನು ತಿನ್ನುತ್ತದೆ. ಅದನ್ನು ನಿಗದಿತ ದ್ರಾವಕದಿಂದ ಒರೆಸಿ ತೆಗೆಯಬೇಕು.

ಐದನೆಯ ನಿಯಮ: ಮಾಡಿದ್ದನ್ನು ಬರೆದಿಡಬೇಕು. ಯಾವ ಫಲಕ, ಯಾವ ಭಾಗ, ಎಷ್ಟನೆಯ ಬಾರಿ ಎಂಬುದು ದಾಖಲೆಯಲ್ಲಿರಬೇಕು. ಒಂದು ಜಾಗವನ್ನು ಎಷ್ಟು ಬಾರಿ ಕಾಯಿಸಬಹುದೆಂಬುದಕ್ಕೆ ಪ್ರತಿ ಘಟಕದಲ್ಲಿಯೂ ಮಿತಿಯಿರುತ್ತದೆ. ದಾಖಲೆಯಿಲ್ಲದೆ ನಾಲ್ಕು ಬಾರಿ ಕಾದ ಫಲಕ, ಪರೀಕ್ಷೆ ದಾಟಿದರೂ, ಗ್ರಾಹಕನ ಕೈಯಲ್ಲಿ ಕೆಡಬಹುದು.

ಸ್ಥಾಯಿ ವಿದ್ಯುತ್ತಿನ ಕುರಿತು ಒಂದು ಮಾತು. ಬಾಗಿಲ ಹಿಡಿಯನ್ನು ಮುಟ್ಟಿದಾಗ ಚುರುಕೆನ್ನಬೇಕಾದರೆ ಸುಮಾರು 3,000 ವೋಲ್ಟ್ ಬೇಕು. ಕೆಲವು ಚಿಪ್ಪುಗಳು 100 ವೋಲ್ಟಿಗೂ ಕೆಡುತ್ತವೆ. ಅಂದರೆ ನಮಗೆ ತಿಳಿಯದಂತೆಯೇ ನಾವು ಅವನ್ನು ಕೆಡಿಸಬಲ್ಲೆವು. ಹೊಸೂರಿನ ಚಳಿಗಾಲದ ಒಣಹವೆಯಲ್ಲಿ, ಸ್ವೆಟರು ಮತ್ತು ನೈಲಾನ್ ಬಟ್ಟೆಯ ನಡುವೆ ಈ ವಿದ್ಯುತ್ ಬೇಗ ಕೂಡಿಕೊಳ್ಳುತ್ತದೆ. ಮಣಿಕಟ್ಟಿನ ಪಟ್ಟಿಯನ್ನು ಬಳೆಯ ಮೇಲೆ ಅಥವಾ ತೋಳಿನ ಬಟ್ಟೆಯ ಮೇಲೆ ಕಟ್ಟಿದರೆ ಪ್ರಯೋಜನವಿಲ್ಲ, ಚರ್ಮಕ್ಕೆ ತಾಗಿರಬೇಕು. ಕೆಲಸಗಾರರ ರಕ್ಷಣೆಗಾಗಿ ಅದರಲ್ಲಿ 1 ಮೆಗಾ ಓಮ್ ರೋಧಕವನ್ನು ಇಟ್ಟಿರುತ್ತಾರೆ.

ಮೈಯನ್ನು ಕಾಯ್ದುಕೊಳ್ಳುವುದು

ಬೆಸುಗೆಯಿಂದ ಏಳುವ ಹೊಗೆ ಲೋಹದ್ದಲ್ಲ, ಫ್ಲಕ್ಸಿನದು. ರಾಳದ ಫ್ಲಕ್ಸಿನ ಹೊಗೆಯನ್ನು ಬಹುಕಾಲ ಸೇವಿಸಿದರೆ ಆಸ್ತಮಾ ಬರಬಹುದು. ಆದ್ದರಿಂದ ಹೊಗೆ ಹೀರುವ ಯಂತ್ರ ಅಲಂಕಾರದ ವಸ್ತುವಲ್ಲ. ಅದು ಕೆಟ್ಟಿದ್ದರೆ ಸರಿಪಡಿಸುವಂತೆ ಕೇಳುವುದು ಕೆಲಸಗಾರರ ಹಕ್ಕು. ಸೀಸವಿರುವ ಬೆಸುಗೆಯಲ್ಲಿ ಅಪಾಯ ಬರುವುದು ಬಹುಮಟ್ಟಿಗೆ ಕೈಯಿಂದ ಬಾಯಿಗೆ. ಕೆಲಸದ ಮೇಜಿನ ಬಳಿ ತಿನ್ನಬಾರದು, ನೀರು ಕುಡಿಯಬಾರದು. ಊಟಕ್ಕೆ ಮುನ್ನ ಸಾಬೂನಿನಿಂದ ಕೈ ತೊಳೆಯಬೇಕು. ಮನೆಗೆ ಬಂದೊಡನೆ ಬಟ್ಟೆ ಬದಲಿಸದೆ ಮಗುವನ್ನು ಎತ್ತಿಕೊಳ್ಳಬಾರದು; ಸೀಸದ ಹಾನಿ ದೊಡ್ಡವರಿಗಿಂತ ಎಳೆಯ ಮಕ್ಕಳಿಗೆ ಬಹಳ ಹೆಚ್ಚು. ಗುಜರಿಗೆಂದು ಹಳೆಯ ಫಲಕಗಳನ್ನು ತಂದು ಹಿತ್ತಿಲಲ್ಲಿ ಸುಡುವುದಂತೂ ಎಂದಿಗೂ ಕೂಡದು.

ಮನೆ ಮತ್ತು ಶಾಲೆ ಮಾಡಬಹುದಾದುದು

ನಮ್ಮ ಓದುಗರು ಮತ್ತೆಮತ್ತೆ ಕೇಳುವ ಪ್ರಶ್ನೆಯೊಂದಿದೆ: ಕನ್ನಡ ಮಾಧ್ಯಮದಲ್ಲಿ ಓದಿದ ಮಗು ಈ ಕಾರ್ಖಾನೆಗಳಲ್ಲಿ ಹಿಂದೆ ಬೀಳುವುದಿಲ್ಲವೇ? ನಾವು ಮೇಲೆ ವಿವರಿಸಿದ ಸಂಗತಿಗಳನ್ನು ಮತ್ತೊಮ್ಮೆ ನೋಡಿರಿ. ಮಿಶ್ರಲೋಹ, ಕರಗುವ ಬಿಂದು, ಉತ್ಕರ್ಷಣ, ಮೇಲ್ಮೈ ಎಳೆತ, ಉಷ್ಣವಹನ, ಸ್ಥಾಯಿ ವಿದ್ಯುತ್: ಎಲ್ಲವೂ ಮಕ್ಕಳು ಕನ್ನಡದಲ್ಲಿಯೇ ಕಲಿಯುವ ಪಾಠಗಳು. ಕೊರತೆ ತಿಳಿವಳಿಕೆಯದಲ್ಲ, ಕಲಿತ ಪಾಠವೂ ಮೇಜಿನ ಮೇಲಿನ ಫಲಕವೂ ಒಂದೇ ಎಂದು ತೋರಿಸಿಕೊಡುವವರದು.

ಅದಕ್ಕೆ ಮೂರು ಸುಲಭ ಕ್ರಮಗಳನ್ನು ಸೂಚಿಸುತ್ತೇವೆ. ಮೊದಲನೆಯದಾಗಿ, ಕೆಲಸಕ್ಕೆ ಹೋಗುವ ಮಕ್ಕಳು ಪುಟ್ಟ ಪುಸ್ತಕವೊಂದನ್ನು ಇಟ್ಟು, ಅಲ್ಲಿ ಕೇಳುವ ಇಂಗ್ಲಿಷ್ ಹಾಗೂ ತಮಿಳು ಪದಗಳ ಮುಂದೆ ಕನ್ನಡದಲ್ಲಿ ಅರ್ಥವನ್ನೂ ಕಾರಣವನ್ನೂ ಬರೆದುಕೊಳ್ಳಲಿ. ಪದ ಅವರದಾಗಲಿ, ಅರ್ಥ ನಮ್ಮದಾಗಲಿ. ಎರಡನೆಯದಾಗಿ, ಒಂಬತ್ತು ಮತ್ತು ಹತ್ತನೆಯ ತರಗತಿಯ ವಿಜ್ಞಾನ ಶಿಕ್ಷಕರು ಕೆಟ್ಟ ರೇಡಿಯೋ ಅಥವಾ ಚಾರ್ಜರ್ ಒಂದರ ಫಲಕವನ್ನು ತರಗತಿಗೆ ತಂದು ಭೂತಗನ್ನಡಿಯಲ್ಲಿ ತೋರಿಸಲಿ. ವಿದ್ಯುತ್ ಸಂಪರ್ಕವಿಲ್ಲದ, ಕೆಲಕಾಲ ಹೊರಗಿಟ್ಟು ಧಾರಕಗಳು ಬರಿದಾದ ಫಲಕವಾಗಿರಲಿ. ಮೂರನೆಯದಾಗಿ, ಈ ವೃತ್ತಿಯಲ್ಲಿ ಮುಂದೆ ಹೋಗಬಯಸುವವರಿಗೆ ಐಟಿಐಗಳಲ್ಲಿ ಹತ್ತನೆಯ ತರಗತಿಯ ಬಳಿಕ ಎರಡು ವರ್ಷದ ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್ ತರಬೇತಿಯಿದೆ ಎಂಬುದನ್ನು ಮನೆಯವರು ತಿಳಿದಿರಲಿ. ಸಾಲಿನಲ್ಲಿ ನಿಂತು ಭಾಗ ಜೋಡಿಸುವ ಕೆಲಸಕ್ಕೂ, ದೋಷದ ಮೂಲವನ್ನು ಹುಡುಕುವ ಕೆಲಸಕ್ಕೂ ಸಂಬಳದಲ್ಲಿಯೂ ಗೌರವದಲ್ಲಿಯೂ ಅಂತರವಿದೆ.

ಕೊನೆಯದಾಗಿ ತಾಯಂದಿರಿಗೂ ತಂದೆಯರಿಗೂ ಒಂದು ಬಿನ್ನಹ. ಸಂಜೆ ಬಸ್ಸಿನಿಂದ ಇಳಿದು ಬಂದ ಮಗಳನ್ನೋ ಮಗನನ್ನೋ "ಇಂದು ಎಷ್ಟು ಫಲಕ ಮಾಡಿದೆ?" ಎಂದು ಕೇಳುವಂತೆಯೇ "ಇಂದು ಯಾವ ತಪ್ಪು ಕಂಡೆ, ಏಕಾಯಿತು?" ಎಂದೂ ಕೇಳಿರಿ. ತಪ್ಪನ್ನು ಹೇಳಿದರೆ ಮನೆಯಲ್ಲಿ ಬೈಗುಳ ಬೀಳದೆಂದು ತಿಳಿದ ಮಗು ಕೆಲಸದಲ್ಲಿಯೂ ಹೇಳಬಲ್ಲುದು. ನಾವು ಮೊದಲು ಹೇಳಿದ ಯುವತಿ ಈಗ ಅದೇ ರೀವರ್ಕ್ ಮೇಜಿನಲ್ಲಿ ಹೊಸಬರಿಗೆ ಕೆಲಸ ಕಲಿಸುತ್ತಾಳೆ. ಆಕೆ ಕಲಿಸುವ ಮೊದಲ ಪಾಠ ಕಬ್ಬಿಣ ಹಿಡಿಯುವ ಬಗೆಯಲ್ಲ. ಬೆಸುಗೆ ಕೂಡದಿದ್ದರೆ ಕೈ ತೆಗೆದು, ಶುಚಿಯಾಗಿದೆಯೇ ಎಂದು ನೋಡಿ, ತಿಳಿಯದಿದ್ದರೆ ಕೇಳಬೇಕೆಂಬುದು.